ಸಹಿ ಮೊದಲು, ಮಜಕೂರು ಆಮೇಲೆ

ಪುಣೆಯಲ್ಲಿ ನಾವಿದ್ದ ಓಣಿ ಮುಳಾ ನದಿಯ ದಂಡೆಗೆ ಹೋಗಿ ಮುಗಿಯುತ್ತಿತ್ತು. ಕೊನೆಗೆ ಒಂದು ಹಿಟ್ಟಿನ ಗಿರಣಿ, ಗಿರಣಿಯ ಪಕ್ಕದಲ್ಲಿ ಹತ್ತೊಂಬತ್ತು ಕಲ್ಲಿನ ಮೆಟ್ಟಿಲು, ಮೆಟ್ಟಿಲ ಕೆಳಗೆ ದೋಣಿ. ಆಚೆ ದಂಡೆಯ ಪ್ರಾಥಮಿಕ ಶಾಲೆಯೊಂದರ ಕಚೇರಿಯಲ್ಲಿ ಮಕ್ಕಳ ಹಾಜರಿ, ದಾಖಲಾತಿ ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಹತ್ತಕ್ಕೆ ಹದಿನೈದು ನಿಮಿಷವಿರುವಾಗ ಮೆಟ್ಟಿಲಿಳಿದರೆ, ನಾನು ಆಚೆ ದಂಡೆ ಹತ್ತುವ ಹೊತ್ತಿಗೆ ಶಾಲೆಯ ಗಂಟೆ ಕೇಳುತ್ತಿತ್ತು. ದೋಣಿ ಇಲ್ಲದ ದಿನ ದೊಡ್ಡ ಪೂಲಿನ ಮೇಲಿಂದ ಸುತ್ತು ಹಾಕಿ, ಎರಡು ಬಸ್ಸು ಬದಲಿಸಿ ಹೋಗಬೇಕು. ಸೇತುವೆಗೆ ನಮ್ಮ ಮನೆಯಲ್ಲಿ ಕನ್ನಡ ಮಾತಾಡುವಾಗಲೂ ಪೂಲ್ ಎಂದೇ ಅನ್ನುತ್ತಿದ್ದೆವು. ಆ ಸುತ್ತು ಒಂದೂಕಾಲು ಗಂಟೆಯ ದಾರಿ.

ದೋಣಿ ಚಪ್ಪಟೆ ತಳದ್ದು, ಮರದ್ದು. ಎರಡು ದಂಡೆಗೂ ಬಿಗಿದು ಕಟ್ಟಿದ ತಂತಿಯ ಹಗ್ಗವನ್ನು ಕೈಯಲ್ಲಿ ಹಿಡಿದು ಎಳೆಯುತ್ತ ದೋಣಿಯವನು ನಮ್ಮನ್ನು ದಾಟಿಸುತ್ತಿದ್ದ. ಅರವತ್ತು ದಾಟಿದ ಮರಾಠಿ ಮನುಷ್ಯ, ಎಲ್ಲರಿಗೂ ಕಾಕಾ. ಆತನ ಕಾಯ್ದೆಗಳು ಬಹಳ. ಛತ್ರಿ ಬಿಚ್ಚಬಾರದು. ಹಿಟ್ಟಿನ ಡಬ್ಬಿ ತಂದವರು ನಟ್ಟನಡುವೆ ಕೂಡಬೇಕು. ಯಾರಾದರೂ ಜಗಳವಾಡುತ್ತ ಮೆಟ್ಟಿಲಿಳಿದರೆ, "ಜಗಳವನ್ನು ದಂಡೆಯ ಮೇಲೆ ಬಿಟ್ಟು ಬನ್ನಿ, ದೋಣಿ ಒಂದು ಕಡೆ ವಾಲುತ್ತದೆ" ಎಂದು ಗದರುತ್ತಿದ್ದ. ಬೇಸಿಗೆಯಲ್ಲಿ ನದಿಯ ತುಂಬ ಜಲಪರ್ಣಿ ಎಂಬ ಕಳೆ ಬೆಳೆದು ನೀರು ಹಸಿರು ಹೊಲದಂತಾಗುತ್ತಿತ್ತು. ಆಗ ಆತ ಮುಂದೆ ನಿಂತು ಕೋಲಿನಿಂದ ಆ ಎಲೆಗಳನ್ನು ಸರಿಸುತ್ತಿದ್ದ, ಪ್ರಯಾಣಿಕರಾದ ನಾವೇ ಹಗ್ಗ ಎಳೆಯುತ್ತಿದ್ದೆವು. ತಂತಿಯ ತುಕ್ಕು ಸೀರೆಗೆ ಹತ್ತಿದರೆ ಹೋಗುತ್ತಿರಲಿಲ್ಲ. ನನ್ನ ಮೂರು ಸೀರೆಗಳಿಗೆ ಎಡ ಮೊಣಕಾಲಿನ ಹತ್ತಿರ ಒಂದೇ ನಮೂನೆಯ ಕಂದು ಗೆರೆ ಇತ್ತು.

ಎಂಟು ಜನ ಆಗುವ ತನಕ ಕಾಕಾ ದೋಣಿ ಬಿಡುತ್ತಿರಲಿಲ್ಲ. ಆದರೆ ಮಧ್ಯಾಹ್ನ ಹನ್ನೆರಡೂವರೆಗೆ ಮಾತ್ರ ಒಬ್ಬಳೇ ಇದ್ದರೂ ಬಿಡುತ್ತಿದ್ದ. ಆ ಒಬ್ಬಳು ಯಾದಗಿರಿ ಕಡೆಯ ಹುಡುಗಿ. ಹುಡುಗಿ ಎಂದರೆ ಇಪ್ಪತ್ತರ ಆಸುಪಾಸಿನ ತಾಯಿ. ಆಚೆ ದಂಡೆಯಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಅವಳೂ ಅವಳ ಗಂಡನೂ ಉಸುಕು, ಇಟ್ಟಿಗೆ ಹೊರುತ್ತಿದ್ದರು. ಈಚೆ ದಂಡೆಯಲ್ಲಿ, ಗಿರಣಿಯ ಹಿಂದಿನ ತಗಡಿನ ಶೆಡ್ಡುಗಳಲ್ಲೊಂದು ಅವರ ಮನೆ. ಅಲ್ಲಿ ಕಣ್ಣು ಮಂಜಾದ ಅತ್ತೆಯ ಹತ್ತಿರ ನಾಲ್ಕು ತಿಂಗಳ ಹೆಣ್ಣು ಕೂಸನ್ನು ಬಿಟ್ಟು ಹೋಗುತ್ತಿದ್ದಳು. ಊಟದ ಬಿಡುವಿನಲ್ಲಿ ಓಡಿ ಬಂದು, ದೋಣಿ ಹತ್ತಿ, ಕೂಸಿಗೆ ಹಾಲು ಕುಡಿಸಿ, ಮರಳಿ ಅದೇ ದೋಣಿಯಲ್ಲಿ ಹೋಗಿ ಒಂದೂವರೆಗೆ ಬುಟ್ಟಿ ಹೊರಬೇಕು.

ಶನಿವಾರ ಅರ್ಧ ದಿನದ ಶಾಲೆ. ಆ ದೋಣಿಗೆ ನಾನೂ ಸಿಗುತ್ತಿದ್ದೆ. ನಾನು ಕನ್ನಡ ಮಾತಾಡಿದ ಮೊದಲ ದಿನ ಅವಳ ಮುಖ ನೋಡಬೇಕಿತ್ತು.

"ಯಕ್ಕಾ, ನೀವು ನಮ್ಮವರೇನ್ರೀ! ನಾ ಇಷ್ಟು ದಿನ ನಿಮ್ಮನ್ನ ಮರಾಠಿ ಹೆಣಮಗಳು ಅಂತ ತಿಳಕೊಂಡು ಸುಮ್ಮ ಕೂಡ್ತಿದ್ದೆ."

"ನಾನೂ ನಿನ್ನ ತೆಲುಗು ಮಂದಿ ಅಂತ ತಿಳಕೊಂಡಿದ್ದೆ" ಎಂದೆ. ಇಬ್ಬರೂ ನಕ್ಕೆವು. ಅವಳ ಕುಪ್ಪಸದ ಎದೆ ಆಗಲೇ ಒದ್ದೆಯಾಗಿತ್ತು. ಸೆರಗು ಎಳೆದುಕೊಂಡು, "ಹನ್ನೆರಡಕ್ಕ ಅದು ಅಲ್ಲಿ ಅಳ್ತದ ನೋಡ್ರಿ ಯಕ್ಕಾ, ನನಗ ಇಲ್ಲಿ ತಿಳೀತದ" ಎಂದಳು. ಕಾಕಾನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಆ ದೋಣಿಯನ್ನು ಆತ ಉಳಿದ ದೋಣಿಗಳಿಗಿಂತ ಜೋರಾಗಿ ಎಳೆಯುತ್ತಿದ್ದ.

ತೊಂಬತ್ತರ ದಶಕ ಮುಗಿಯಲು ಬಂದಿದ್ದಾಗ, ಒಂದು ಮಳೆಗಾಲ ಕಳೆದು ನೀರು ತಿಳಿಯಾಗುವ ಹೊತ್ತಿಗೆ, ಮೆಟ್ಟಿಲ ಮೇಲಿನ ಕಂಬಕ್ಕೆ ಪಾಲಿಕೆಯವರು ಒಂದು ನೋಟೀಸು ಅಂಟಿಸಿದ್ದರು. ದೋಣಿ ಹಳೆಯದಾಗಿದೆ, ಸೇವೆಯನ್ನು ಬಂದ್ ಮಾಡುವ ವಿಚಾರವಿದೆ, ಆಕ್ಷೇಪಣೆ ಇದ್ದವರು ಲಿಖಿತವಾಗಿ ಕೊಡಬೇಕು, ಇಂಥ ದಿನ ಪಾಲಿಕೆಯ ಕಚೇರಿಯಲ್ಲಿ ಎಲ್ಲರ ಮಾತು ಕೇಳಲಾಗುವುದು ಎಂದಿತ್ತು. ಕಾಕಾ ಅದನ್ನು ನನ್ನ ಕೈಯಲ್ಲಿ ಎರಡು ಸಲ ಓದಿಸಿದ. ಆತನಿಗೆ ತನ್ನ ಹೆಸರು ಬರೆಯುವುದಕ್ಕಿಂತ ಹೆಚ್ಚು ಅಕ್ಷರ ಬರುತ್ತಿರಲಿಲ್ಲ.

ಅಂದು ಸಂಜೆ ನಾವು ಹತ್ತಿಪ್ಪತ್ತು ಜನ ಸಿಮೆಂಟು ಅಂಗಡಿಯಲ್ಲಿ ಕೂಡಿದೆವು. ಅಂಗಡಿಯ ಮಾಲೀಕರು ನನ್ನ ತವರೂರಿನವರು. ಪುಣೆಗೆ ಬಂದು ಸಿಮೆಂಟು, ಕಬ್ಬಿಣದ ವ್ಯಾಪಾರದಲ್ಲಿ ಮೇಲೆ ಬಂದವರು. ನನ್ನ ಸ್ವಂತ ಅಣ್ಣ ದೂರದಲ್ಲಿದ್ದ, ನಾಗರ ಪಂಚಮಿಗೆ ತವರಿಗೆ ಕರೆಯಲು ಬರುವುದು ಆತನಿಗೆ ಆಗುತ್ತಿರಲಿಲ್ಲ. ಅದಕ್ಕೆ ಪ್ರತಿ ಪಂಚಮಿಗೂ ಇವರೇ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಸಿ ತಂದುಕೊಟ್ಟು, "ತವರಿನಿಂದ ಬಂದದ ತಂಗಿ, ಒಳಗ ಇಡು" ಅನ್ನುತ್ತಿದ್ದರು. ನಾನು ಅವರಿಗೆ ಅಣ್ಣಾರು ಎಂದೇ ಅನ್ನುತ್ತಿದ್ದೆ. ಓಣಿಯ ನಳದ ನೀರಿಗೆ, ರೇಷನ್ ಅಂಗಡಿಗೆ, ಬೀದಿ ದೀಪಕ್ಕೆ ಅರ್ಜಿ ಕೊಡುವುದಿದ್ದರೆ ಅವರೇ ಮುಂದಾಳು.

ನಮ್ಮ ಓಣಿಯ ಅರ್ಜಿಗಳಿಗೆ ಒಂದು ರೂಢಿ ಇತ್ತು. ಸಹಿ ಮೊದಲು, ಮಜಕೂರು ಆಮೇಲೆ. ಮಜಕೂರು ಎಂದರೆ ಅರ್ಜಿಯ ಒಕ್ಕಣೆ. ಕೋರ್ಟಿನ ಹತ್ತಿರದ ಟೈಪಿಸ್ಟನ ಕಡೆ ಅದನ್ನು ಟೈಪು ಮಾಡಿಸಬೇಕು. ಒಬ್ಬ ವಕೀಲರಿಗೆ ತೋರಿಸಿದರೆ ಒಂದು ಶಬ್ದ ತೆಗೆಯುತ್ತಾರೆ, ಇನ್ನೊಬ್ಬರಿಗೆ ತೋರಿಸಿದರೆ ಎರಡು ಸೇರಿಸುತ್ತಾರೆ. ಪ್ರತಿ ತಿದ್ದುಪಡಿಗೂ ಓಣಿ ತಿರುಗಿ ಮತ್ತೆ ಸಹಿ ಕೂಡಿಸುವುದು ಯಾರಿಂದ ಆದೀತು? ಅದಕ್ಕೆ ಹಾಳೆಯನ್ನು ನಡುವೆ ಮಡಚುವುದು, ಮೇಲಿನ ಅರ್ಧ ಖಾಲಿ ಬಿಡುವುದು, ಕೆಳಗಿನ ಅರ್ಧದಲ್ಲಿ ಸಹಿ ತೆಗೆದುಕೊಳ್ಳುವುದು. ನಳದ ನೀರು ಹಾಗೆಯೇ ಬಂದಿತ್ತು. ಬೀದಿ ದೀಪವೂ ಹಾಗೆಯೇ ಬಂದಿತ್ತು. ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ. ಇಪ್ಪತ್ತು ವರ್ಷ ಸರಕಾರಿ ಕಾರ್ಖಾನೆಯಲ್ಲಿ ಗುಮಾಸ್ತಿಕೆ ಮಾಡಿದ ನನ್ನ ಯಜಮಾನರೂ ಹಾಳೆ ಮಡಚುವಾಗ ಪಕ್ಕದಲ್ಲಿ ಕೂತು, "ಅಂಚು ಸರಿಯಾಗಿ ಕೂಡಿಸು, ವಾರಿ ಆಗ್ಯದ" ಎಂದರೇ ಹೊರತು ಇನ್ನೇನೂ ಹೇಳಲಿಲ್ಲ.

"ತಂಗಿ, ಮನಿ ಮನಿ ತಿರುಗೋದು ನಿನ್ನ ಪಾಲಿಗೆ" ಎಂದರು ಅಣ್ಣಾರು. "ಹೆಂಗಸರು ನಿನ್ನ ಮಾತು ಕೇಳ್ತಾರ. ಮಜಕೂರು ನಾ ಬರಸ್ತೀನಿ. ದೋಣಿ ಹ್ಯಾಂಗ ಬಂದ್ ಮಾಡ್ತಾರ ನೋಡೇಬಿಡೂಣು!"

ಒಂಬತ್ತು ದಿನ ತಿರುಗಿದೆ. ಶಾಲೆಯಿಂದ ಬಂದು, ಚಹಾ ಕುಡಿದು, ಜೋಳದ ಹಿಟ್ಟು ನಾದುವ ಮೊದಲು ಎರಡು ತಾಸು. ಮೊದಲ ಸಹಿ ನನ್ನದು, ಎರಡನೆಯದು ಕಾಕಾನದು. ಕಾಕಾ ಪೆನ್ನನ್ನು ಹಗ್ಗದಂತೆ ಮುಷ್ಟಿಯಲ್ಲಿ ಹಿಡಿದು ಬರೆದ. ಆಮೇಲೆ ಗಿರಣಿಯವರು, ತರಕಾರಿಯವರು, ಆಚೆ ದಂಡೆಯ ಮನೆಗಳಿಗೆ ಪಾತ್ರೆ ಬಟ್ಟೆಗೆ ಹೋಗುವ ಹೆಂಗಸರು. ಎಲ್ಲರಿಗೂ ನಾನು ಒಂದೇ ಮಾತು ಹೇಳಿದೆ: ದೋಣಿ ಉಳಿಯಬೇಕು ಅಂತ ಬರೆಸುತ್ತಾರೆ, ಸಹಿ ಹಾಕಿ.

ಕೊನೆಗೆ ಉಳಿದದ್ದು ತಗಡಿನ ಶೆಡ್ಡುಗಳು. ಅಲ್ಲಿ ಹೆಚ್ಚಿನವರದು ಹೆಬ್ಬೆಟ್ಟು. ನನ್ನ ಹತ್ತಿರ ಇಂಕಿನ ಪ್ಯಾಡು ಇರಲಿಲ್ಲ. ಮನೆಯಲ್ಲಿ ದೀಪದಿಂದ ತೆಗೆದ ಕಾಡಿಗೆಗೆ ಕೊಬ್ಬರಿ ಎಣ್ಣೆ ಕಲಸಿ ಒಂದು ಡಬ್ಬಿಯ ಮುಚ್ಚಳದಲ್ಲಿ ಒಯ್ದೆ. ಯಾದಗಿರಿಯ ಹುಡುಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳ ಗಂಡ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಮ್ಯಾಲ ಏನೂ ಬರದಿಲ್ಲಲ್ರೀ ಅಕ್ಕಾರ?"

"ಆಮ್ಯಾಲ ಬರಸ್ತಾರಪ್ಪ" ಎಂದೆ.

"ಖಾಲಿ ಹಾಳ್ಯಾಗ ಹೆಬ್ಬಟ್ಟ ಒತ್ತಿ ನಮ್ಮ ಅಪ್ಪ ಹೊಲಾನ ಕಳಕೊಂಡಾನ್ರಿ" ಎಂದ ಅವನು, ಅರ್ಧ ನಗುತ್ತ.

ಅವಳು ಗಂಡನ ಕೈಯಿಂದ ಹಾಳೆ ಕಸಿದುಕೊಂಡಳು. "ಏ, ಸುಮ್ನಿರು ಮಾರಾಯಾ. ಯಕ್ಕ ಕೇಳ್ತಾಳ, ಸಾಹುಕಾರ ಕೇಳ್ತಾನೇನು? ಒತ್ತತೀನ್ರಿ ಯಕ್ಕಾ, ಎಲ್ಲಿ ಒತ್ತಬೇಕು?" ಎಂದು ಹೆಬ್ಬೆಟ್ಟು ಚಾಚಿದಳು. ಉಳಿದ ಕಾಡಿಗೆಯನ್ನು ಬೆರಳಿನಿಂದ ಬಳಿದು ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಅವಳ ಗಂಡನೂ ಒತ್ತಿದ. ಅತ್ತೆಯೂ ಒತ್ತಿದಳು.

ಹನ್ನೊಂದು ಹಾಳೆ ತುಂಬಿದವು. ಮರುದಿನ ಬೆಳಿಗ್ಗೆಯೇ ಅಣ್ಣಾರ ಕೈಗೆ ಕೊಟ್ಟೆ. "ಭಾಳ ಛಲೋ ಕೆಲಸ ಮಾಡಿದಿ" ಎಂದು ಹಾಳೆಗಳನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿಟ್ಟರು.

ಕಚೇರಿಯಲ್ಲಿ ಮಾತು ಕೇಳುವ ದಿನ ನಾನು ಅರ್ಧ ದಿನದ ರಜೆ ಹಾಕಿದೆ. ಕಾಕಾ ಇಸ್ತ್ರಿ ಮಾಡಿದ ಬಿಳಿ ಟೋಪಿ ಹಾಕಿಕೊಂಡು ಬಂದಿದ್ದ. ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ ಕೂತೆವು. ಅಣ್ಣಾರು ಮುಂದಿನ ಸಾಲಿನಲ್ಲಿ, ಸಾಹೇಬರ ಮೇಜಿಗೆ ಹತ್ತಿರ ಕೂತಿದ್ದರು. ಯಾದಗಿರಿಯ ಹುಡುಗಿ ಬಂದಿರಲಿಲ್ಲ. ಒಂದು ದಿನದ ಕೂಲಿ ಬಿಡುವ ಹಾಗಿರಲಿಲ್ಲ.

ಸಾಹೇಬರು ಸಾವಕಾಶದ ಮನುಷ್ಯ. ಕನ್ನಡಕ ಒರೆಸಿಕೊಂಡು, "ಈ ಭಾಗದ ನಾಗರಿಕರ ಒಂದು ಅರ್ಜಿ ಬಂದಿದೆ" ಎಂದು ಮರಾಠಿಯಲ್ಲಿ ಓದತೊಡಗಿದರು. ದೋಣಿ ಹಳೆಯದು, ಜೀವಕ್ಕೆ ಅಪಾಯ; ದೋಣಿ ಇರುವವರೆಗೆ ದಾಟಲು ವ್ಯವಸ್ಥೆ ಇದೆ ಎಂದು ಹೇಳಿ ಪೂಲಿನ ಬೇಡಿಕೆಯನ್ನು ಮುಂದೂಡಲಾಗುತ್ತಿದೆ; ಆದ್ದರಿಂದ ಕೆಳಗೆ ಸಹಿ ಮಾಡಿದ ನಾವು ದೋಣಿಯನ್ನು ಕೂಡಲೇ ಬಂದ್ ಮಾಡಿ ಈ ಭಾಗದಲ್ಲಿ ಪೂಲು ಮಂಜೂರು ಮಾಡಬೇಕೆಂದು ಕೋರುತ್ತೇವೆ.

ಇದು ಬೇರೆ ಯಾರದೋ ಅರ್ಜಿ ಎಂದುಕೊಂಡೆ. ಹಾಗೆಂದುಕೊಂಡೇ ಕಾಕಾನ ಕಡೆ ತಿರುಗಿ, ನಮ್ಮದು ಇನ್ನೂ ಬರಬೇಕು ಎಂದು ಸನ್ನೆ ಮಾಡಿದೆ. ಸಾಹೇಬರು ಹಾಳೆ ತಿರುವಿದರು. ಕಿಟಕಿಯ ಬೆಳಕಿಗೆ ಹಾಳೆ ಅಡ್ಡ ಬಂತು. ಪ್ರತಿ ಹೆಬ್ಬೆಟ್ಟಿನ ಸುತ್ತಲೂ ಎಣ್ಣೆ ಹರಡಿ, ಕಾಗದ ಅಲ್ಲಲ್ಲಿ ದುಂಡಗೆ ಪಾರದರ್ಶಕವಾಗಿತ್ತು. ಇಡೀ ಪುಣೆಯಲ್ಲಿ ಕಾಡಿಗೆಗೆ ಕೊಬ್ಬರಿ ಎಣ್ಣೆ ಕಲಸಿ ಸಹಿ ಕೂಡಿಸಿದವಳು ನಾನೊಬ್ಬಳೇ ಇರಬೇಕು.

"ದೋಣಿಯವರು ಯಾರು? ನೀವೇನಾ?" ಎಂದು ಸಾಹೇಬರು ಕಾಕಾನನ್ನು ಕೇಳಿದರು. "ನಿಮ್ಮದೇನಾದರೂ ತಕರಾರಿದೆಯೇ? ಇಲ್ಲಿ ಎರಡನೆಯ ಸಹಿ ನಿಮ್ಮದೇ ಅಲ್ಲವೇ?"

ಕಾಕಾ ಎದ್ದು ಹೋಗಿ ಹಾಳೆ ನೋಡಿದ. ತನ್ನ ಹೆಸರು ಗುರುತು ಹಿಡಿದ. "ಹೋಯ್ ಸಾಹೇಬ, ಮಾಝೀಚ್" ಎಂದ. ಹೌದು, ನನ್ನದೇ. ಆಮೇಲೆ ನನ್ನ ಕಡೆ ತಿರುಗಿದ. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಈಗ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಆತ ನಾನೇನೋ ವಿವರಿಸುತ್ತೇನೆಂದು ಕಾಯುತ್ತಿದ್ದ.

ಎದ್ದು ನಿಂತೆ. ಮರಾಠಿ ಮಾತು ತೊಡರುತ್ತಿತ್ತು. "ಸಾಹೇಬರೇ, ಈ ಸಹಿಗಳನ್ನು ಕೂಡಿಸಿದವಳು ನಾನು. ಸಹಿ ತೆಗೆದುಕೊಳ್ಳುವಾಗ ಮೇಲೆ ಈ ಬರಹ ಇರಲಿಲ್ಲ. ನಾವು ದೋಣಿ ಬೇಕೆಂದು ಸಹಿ ಮಾಡಿದ್ದೇವೆ."

ಅಣ್ಣಾರು ಹಿಂತಿರುಗಿ ನೋಡದೆ ಹೇಳಿದರು: "ಈ ಬಾಯಿಯವರಿಗೆ ಸ್ವಲ್ಪ ಗೊಂದಲವಾಗಿದೆ ಸಾಹೇಬ."

"ಮೇಲೆ ಬೇರೆ ಏನು ಬರೆದಿತ್ತು?" ಎಂದರು ಸಾಹೇಬರು ನನಗೆ.

"ಏನೂ ಇರಲಿಲ್ಲ. ಖಾಲಿ ಇತ್ತು."

ಅವರು ಪೆನ್ನು ಕೆಳಗಿಟ್ಟರು. "ಅಂದರೆ ನೀವು ಖಾಲಿ ಕಾಗದದ ಮೇಲೆ ಇಷ್ಟು ಜನರ ಸಹಿ, ಹೆಬ್ಬೆಟ್ಟು ತೆಗೆದುಕೊಂಡಿರಿ. ಓದು ಬಾರದವರದೂ."

ಹೌದೆಂದೆ.

"ಹಾಗಾದರೆ ಈ ಸಹಿಗಳು ಪೂಲಿಗೂ ಅಲ್ಲ, ದೋಣಿಗೂ ಅಲ್ಲ. ಇವನ್ನು ನಾನು ಲೆಕ್ಕಕ್ಕೆ ಹಿಡಿಯಲಾರೆ" ಎಂದು ಹಾಳೆಗಳ ಮೇಲೆ ಅಡ್ಡ ಗೆರೆ ಎಳೆದರು. "ಬೇರೆ ಲಿಖಿತ ಆಕ್ಷೇಪಣೆ ಯಾವುದಾದರೂ ಇದೆಯೇ?"

ಇರಲಿಲ್ಲ. ಅವಧಿ ಹಿಂದಿನ ದಿನವೇ ಮುಗಿದಿತ್ತು. ಬಾಯಿಮಾತಿನ ವಿರೋಧವನ್ನು ಬರೆದುಕೊಂಡಿದ್ದೇನೆ ಎಂದರು. ಲಿಖಿತ ಆಕ್ಷೇಪಣೆ ಇಲ್ಲ ಎಂಬುದನ್ನೂ ಬರೆದುಕೊಂಡರು.

ಬಸ್ಸಿನಲ್ಲಿ ಕಾಕಾ ನನ್ನ ಪಕ್ಕದಲ್ಲೇ ಕೂತಿದ್ದ. ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡಿದ್ದ. ಇಳಿಯುವ ಮುಂಚೆ ಒಂದು ಮಾತು ಹೇಳಿದ: "ತಾಯಿ, ನೀವು ಓದಿದವರು."

ಸಂಜೆ ಸಿಮೆಂಟು ಅಂಗಡಿಗೆ ಹೋದೆ. ಅಣ್ಣಾರು ಒಂದು ಲೋಡು ಕಬ್ಬಿಣ ಇಳಿಸಿಕೊಳ್ಳುತ್ತಿದ್ದರು.

"ಬಾ ತಂಗಿ, ಕೂಡು. ಚಹಾ ಹೇಳ್ಲೇನು?"

"ಚಹಾ ಬ್ಯಾಡ್ರಿ ಅಣ್ಣಾರ. ಹಿಂಗ ಯಾಕ ಮಾಡಿದ್ರಿ?"

"ನಾ ಏನ್ ಸುಳ್ಳು ಬರಸೀನಿ ಹೇಳು? ನಿನಗ ಪೂಲ್ ಬ್ಯಾಡೇನು? ಕಟಿಗಿ ಹಲಗಿ ಮ್ಯಾಲ ಕೂತು ಎಷ್ಟು ವರ್ಷ ದಾಟ್ತೀ? ದೋಣಿ ಇರೂತನಕ ಪೂಲ್ ಕೊಡಂಗಿಲ್ಲ ಅಂತ ಒಳಗಿನವರ ಹೇಳ್ಯಾರ ನನಗ."

"ಪೂಲ್ ಬೇಕ್ರಿ. ದೋಣಿ ತಗೀರಿ ಅಂತ ನಾವ್ಯಾರ ಹೇಳಿದ್ವಿ? ನನಗ ಒಂದು ಮಾತು ಕೇಳಬಾರದಾಗಿತ್ತೇನ್ರಿ?"

"ಕೇಳಿದ್ರ ನೀ ಹೂಂ ಅಂತಿದ್ದೇನು?"

"ಇಲ್ಲ."

"ಮತ್ತ?" ಎಂದು ಅವರು ಕೈ ಅಗಲಿಸಿದರು, ಲೆಕ್ಕ ಸರಿಹೋಯಿತೆಂಬಂತೆ. "ನೀ ಕಚೇರ್ಯಾಗ ನಿಂತು ಖಾಲಿ ಹಾಳಿ ಅಂದಿ ನೋಡು, ಅದಕ್ಕ ಎರಡೂ ಹೋತು. ಸುಮ್ಮ ಕೂತಿದ್ರ ಪೂಲಾದ್ರೂ ಸಿಗ್ತಿತ್ತು. ಹಾಳು ಮಾಡಿದಾಕಿ ನೀ ತಂಗಿ, ನಾ ಅಲ್ಲ."

ಅವರು ಅದನ್ನು ನಂಬಿಯೇ ಹೇಳಿದರು. ನದಿ ಹರಿಯುವ ಕಡೆ ಕೆಳಗೆ ಅವರು, ಪೂಲು ಬಂದರೆ ಬೆಲೆ ಏರುವಂಥ ಎರಡು ನಿವೇಶನ ಹಿಡಿದಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಆದರೆ ಆ ಮಾತಿನ ಹಿಂದೆ ನಿವೇಶನವಷ್ಟೇ ಇತ್ತೆಂದು ಇಂದಿಗೂ ನನಗೆ ಖಾತ್ರಿಯಿಲ್ಲ. ನಮ್ಮ ಒಳಿತು ನಮಗಿಂತ ತಮಗೆ ಹೆಚ್ಚು ಗೊತ್ತು ಎಂದುಕೊಂಡವರಿಗೆ, ಕೇಳುವುದು ಒಂದು ತೊಡಕು.

ತಿಂಗಳೊಳಗೆ ಹಗ್ಗ ಬಿಚ್ಚಿದರು. ದೋಣಿಯನ್ನು ಎಳೆದು ದಂಡೆಯ ಮೇಲೆ ಬೋರಲು ಹಾಕಿದರು. ಕಾಕಾ ಚಾಕಣದ ಕಡೆ ಮಗಳ ಮನೆಗೆ ಹೋದ. ನಾನು ಎಂಟೂವರೆಗೆ ಮನೆ ಬಿಟ್ಟು ಎರಡು ಬಸ್ಸು ಹಿಡಿಯತೊಡಗಿದೆ. ರೊಟ್ಟಿ ಬಡಿಯುವುದು ಬೆಳಗಿನ ಐದಕ್ಕೆ ಸರಿಯಿತು. ಪಾತ್ರೆ ಬಟ್ಟೆಗೆ ಹೋಗುತ್ತಿದ್ದ ಹೆಂಗಸರು ಅರ್ಧದಷ್ಟು ಮನೆಗಳನ್ನು ಬಿಟ್ಟರು. ಗಿರಣಿಯಲ್ಲಿ ನಾನು ಡಬ್ಬಿ ಇಟ್ಟು ನಿಂತರೆ ಒಬ್ಬಳಲ್ಲ ಒಬ್ಬಳು ಮರಾಠಿಯಲ್ಲಿ ಕೇಳುತ್ತಿದ್ದಳು: "ಏನ್ ಬಾಯಿ, ಇವತ್ತು ಹಾಳೆ ತಂದಿಲ್ಲವೇ? ಈ ಸಲ ನಮ್ಮ ಮನೆಯನ್ನೇ ಬರೆಸಿಕೊಡುತ್ತೇವೆ." ನಗುತ್ತಿದ್ದರು. ಒಂದು ಸಲ ನಾನೂ ನಗಲು ನೋಡಿದೆ. ಆಗಲಿಲ್ಲ.

ಯಾದಗಿರಿಯ ಹುಡುಗಿಗೆ ಎಲ್ಲವನ್ನೂ ನಾನೇ ಹೇಳಬೇಕೆಂದು ಶೆಡ್ಡಿಗೆ ಹೋಗಿದ್ದೆ. ಅವಳು ಇಡೀ ಮಾತು ಕೇಳಿದಳು. ಅವಳ ಗಂಡ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ನಾನು ಮೊದಲೇ ಹೇಳಿದ್ದೆನಲ್ಲ ಎಂದು ಅವನು ಒಂದು ಸಲವೂ ಅನ್ನಲಿಲ್ಲ.

"ಕೂಸಿನ ಹ್ಯಾಂಗ ಮಾಡ್ತೀ?" ಎಂದೆ.

"ಕೆಲಸದ ಕಡೀಗೇ ಒಯ್ತೀನ್ರಿ" ಎಂದಳು. ಯಕ್ಕಾ ಎನ್ನಲಿಲ್ಲ. "ಧೂಳ ಭಾಳ ಅದ. ಆದ್ರ ಏನ್ ಮಾಡೂದು, ಹಸದು ಅಳೂದಕ್ಕಿಂತ ಅದು ಬೇಸಿ."

ಸ್ವಲ್ಪ ದಿನಗಳಲ್ಲಿ ಅವರು ಶೆಡ್ಡನ್ನೂ ಖಾಲಿ ಮಾಡಿ ಆಚೆ ದಂಡೆಯಲ್ಲೇ, ಕಟ್ಟಡದ ತಳದಲ್ಲಿ ಇರಲು ಹೋದರು. ಅಣ್ಣಾರ ಮನೆಯಿಂದ ಮುಂದಿನ ಪಂಚಮಿಗೂ ಉಂಡಿ ಬಂದವು. ಡಬ್ಬಿಯನ್ನು ತಂದವರ ಕೈಯಲ್ಲೇ ಮರಳಿ ಕಳಿಸಿದೆ. ಅಷ್ಟು ಮಾಡಲು ನನಗೆ ಬಹಳ ಧೈರ್ಯ ಬೇಕಾಯಿತು, ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಪೂಲು ಬಂತು, ಹಲವು ವರ್ಷಗಳಾದ ಮೇಲೆ, ನಮ್ಮ ಮೆಟ್ಟಿಲುಗಳಿಂದ ನದಿಗುಂಟ ಬಹಳ ಕೆಳಗೆ. ಅದರ ಮೇಲೆ ರಿಕ್ಷಾಗಳು ಓಡಾಡತೊಡಗಿದ ವರ್ಷ, ಜೂನ್ ತಿಂಗಳ ದಾಖಲಾತಿಯ ಗದ್ದಲದಲ್ಲಿ ನನ್ನ ಮೇಜಿನ ಮುಂದೆ ಯಾದಗಿರಿಯವಳು ನಿಂತಿದ್ದಳು. ಜೊತೆಗೆ ಎರಡು ಜಡೆಯ ಆರು ವರ್ಷದ ಹುಡುಗಿ. ನಾನು ಹುಡುಗಿಯನ್ನೇ ನೋಡುತ್ತಿದ್ದೆ. ಚಲೋ ಬೆಳೆದಿದ್ದಳು. ಮೇಜಿನ ಅಂಚನ್ನು ಹಿಡಿದು ನನ್ನ ರಬ್ಬರ್ ಸ್ಟ್ಯಾಂಪುಗಳನ್ನು ಎಣಿಸುತ್ತಿದ್ದಳು.

"ಅರಾಮಿದ್ದೀರೇನ್ರಿ?" ಎಂದಳು ತಾಯಿ.

"ನಾ ಅರಾಮ. ನೀ ಹ್ಯಾಂಗಿದ್ದೀ ತಂಗಿ?"

"ನಡದದ್ರಿ."

ಫಾರ್ಮನ್ನು ನಾನೇ ತುಂಬಿದೆ. ಹೆಸರು, ಊರು, ಮನೆಮಾತು, ಹುಟ್ಟಿದ ದಿನ. ತುಂಬುತ್ತ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲ ಮುಗಿಸಿ ಹಾಳೆಯನ್ನು ಅವಳ ಕಡೆ ತಿರುಗಿಸಿ, ಪ್ಯಾಡಿನ ಮುಚ್ಚಳ ತೆಗೆದು, "ಇಲ್ಲಿ ಒತ್ತು" ಎಂದೆ.

ಅವಳು ಹಾಳೆಯನ್ನು ಎತ್ತಿಕೊಂಡಳು. ನೋಡಿದಳು. ನಿಧಾನವಾಗಿ ನಾಲ್ಕು ಮಡಿಕೆ ಮಾಡಿದಳು.

"ನಾಳೆ ತರ್ತೀನ್ರಿ."

"ಇಲ್ಲೇ ಒತ್ತಿದ್ರ ಇವತ್ತ ಹೆಸರು ಹಚ್ಚತೀನಲ್ಲ. ನಾಳೆ ಸುಮ್ಮ ಮತ್ತೊಂದು ದಿನದ ಕೂಲಿ ಯಾಕ ಬಿಡ್ತೀ?"

"ಇರ್ಲಿ ಬಿಡ್ರಿ. ನಮ್ಮ ಸೈಟಿನ ವಾಚಮನ್ ಓದ್ತಾನ್ರಿ, ಒಂದು ಸಲ ಓದಿಸ್ತೀನಿ." ಮೆತ್ತಗೆ, ನನಗೆ ನೋವಾಗಬಾರದೆಂಬ ದನಿಯಲ್ಲಿ ಹೇಳಿದಳು. "ತಪ್ಪು ತಿಳೀಬ್ಯಾಡ್ರಿ."

ಮಗಳ ಕೈ ಹಿಡಿದು ಹೊರಟಳು. ಅವಳ ಹಿಂದಿದ್ದ ಮನುಷ್ಯ ಮುಂದೆ ಬಂದು ತನ್ನ ಕಾಗದ ಇಟ್ಟ.

ಮರುದಿನ ಹನ್ನೊಂದಕ್ಕೆ ಬಂದಳು. ಹೆಬ್ಬೆಟ್ಟನ್ನು ಸೈಟಿನಲ್ಲೇ ಒತ್ತಿಕೊಂಡು ಬಂದಿದ್ದಳು, ನೀಲಿ ಇಂಕಿನಲ್ಲಿ, ಗೆರೆ ಗೆರೆಯೂ ಸ್ಪಷ್ಟವಾಗಿ. ನಾನು ಮೇಲಿನಿಂದ ಕೆಳಗಿನ ತನಕ ಇನ್ನೊಮ್ಮೆ ನೋಡಿದೆ. ಮನೆಮಾತು ಎಂಬಲ್ಲಿ ನಾನು ಕನ್ನಡ ಎಂದು ಬರೆದದ್ದರ ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ಸಣ್ಣದಾಗಿ ಸರಿ ಗುರುತು ಹಾಕಿದ್ದರು. ಹೆಸರಿನ ಪಕ್ಕದಲ್ಲಿಯೂ ಹಾಕಿದ್ದರು. ಪ್ರತಿ ಸಾಲಿಗೂ ಹಾಕಿದ್ದರು.